ನಲಿ-ಕಲಿ ಕೋಣೆಯ ಚಪ್ಪರ

ಸರ್ಕಾರಿ ಶಾಲೆಯ ನಲಿ-ಕಲಿ ಕೋಣೆಗೆ ಕಾಲಿಟ್ಟವರು ಮೊದಲು ತಲೆ ಎತ್ತುತ್ತಾರೆ. ಗೋಡೆಯಿಂದ ಗೋಡೆಗೆ ಹುರಿ ಕಟ್ಟಿ, ಮಕ್ಕಳು ಬರೆದದ್ದು, ಬಣ್ಣ ಹಚ್ಚಿದ್ದು, ಮಡಚಿದ್ದು ಎಲ್ಲವನ್ನೂ ನಾವು ಶಿಕ್ಷಕಿಯರು ತೂಗುಬಿಟ್ಟಿರುತ್ತೇವೆ. ಅದೇ ಚಪ್ಪರ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಶುರುವಾದ, ನಲಿಯುತ್ತಾ ಕಲಿಯುವ ಈ ನಲಿ-ಕಲಿ ಪದ್ಧತಿಯಲ್ಲಿ ಕಲಿಕಾ ಏಣಿ, ಕಾರ್ಡು, ತಟ್ಟೆ ಅಂತ ಇನ್ನೂ ಏನೇನೋ ಇವೆ. ನನಗೆ ಇಷ್ಟವಾದದ್ದು ಚಪ್ಪರ.

ಅದರ ಅರ್ಧ ಕೆಲಸ ನಡೆಯುವುದು ನಮ್ಮ ಮನೆಯ ಪಡಸಾಲೆಯಲ್ಲಿ. ಹಳೆಯ ಮದುವೆ ಕಾರ್ಡಿನ ಖಾಲಿ ಬೆನ್ನು ಚಿತ್ರಕ್ಕೆ ಹೇಳಿ ಮಾಡಿಸಿದ್ದು. ಅತ್ತೆ ದಬ್ಬಳದಿಂದ ತೂತು ಹಾಕಿ ದಾರ ಪೋಣಿಸುತ್ತಾರೆ. "ಒಂದೇ ತೂತು ಹಾಕಿದ್ರೆ ಗಾಳಿಗೆ ಗಿರಗಿರ ತಿರುಗುತ್ತೆ ಕಣಮ್ಮ, ಎರಡು ಹಾಕು" ಎಂದದ್ದು ಅವರೇ. ಯಾವ ತರಬೇತಿಯಲ್ಲೂ ಇದನ್ನು ಹೇಳಿಕೊಟ್ಟಿರಲಿಲ್ಲ. ಮಗಳು ಮಾತ್ರ "ಅಮ್ಮಾ, ಬರೀ ನಿನ್ನ ಸ್ಕೂಲ್ ಮಕ್ಕಳದ್ದೇ ಯಾಕೆ, ನಂದೂ ಹಾಕು" ಎಂದು ಜಗಳ ತೆಗೆಯುತ್ತಾಳೆ.

ಚಪ್ಪರದಲ್ಲಿ ನಂಬರಿಲ್ಲ, ರ‍್ಯಾಂಕಿಲ್ಲ. ಒಂದರಿಂದ ಮೂರನೇ ತರಗತಿಯವರೆಗಿನ ಎಲ್ಲರ ಕೈಕೆಲಸವೂ ಒಂದೇ ಹುರಿಯಲ್ಲಿ. ಒಬ್ಬನ ಸೊಟ್ಟ 'ಅ', ಅದರ ಪಕ್ಕದಲ್ಲೇ ಇನ್ನೊಬ್ಬಳ ದುಂಡನೆಯ ವಾಕ್ಯ. ಅಂಗಡಿಯಿಂದ ತಂದ ಥರ್ಮಾಕೋಲ್ ಚಿಟ್ಟೆ ತೂಗುಹಾಕುವ ಶಿಕ್ಷಕರೂ ಇದ್ದಾರೆ. ನೋಡೋಕೆ ಚೆಂದವೇ, ಆದರೆ ಎರಡು ದಿನ ಕಳೆದರೆ ಮಕ್ಕಳು ಅತ್ತ ಕತ್ತೆತ್ತುವುದಿಲ್ಲ. ಅವರಿಗೆ ಬೇಕಾದದ್ದು ತಮ್ಮ ಹೆಸರಿರುವ ಕಾಗದ. ಕೂಲಿಗೆ ಹೊರಟ ತಾಯಂದಿರೂ ಬಾಗಿಲಲ್ಲೇ ನಿಂತು "ಮಿಸ್, ನಮ್ಮವಂದು ಯಾವ್ದು?" ಎಂದು ಹುಡುಕುತ್ತಾರೆ. ಹುರಿ ತುಂಬಿದಾಗ ಹಳೆಯದನ್ನು ಬಿಚ್ಚಿ ಅವರ ಕೈಗೇ ಕೊಟ್ಟು ಕಳಿಸುತ್ತೇನೆ.