ಗುರುಪಕ್ಷ, ಧನಪಕ್ಷ: ಕಾಲ್ಚೆಂಡಾಟದ ಒಂದು ವಾದದ ವಿಮರ್ಶೆ

೧

ಕಲಬುರಗಿ ನಗರದ ಕಾಲೇಜುಗಳ ಆವರಣದಲ್ಲಿಯೂ ಚಹಾದಂಗಡಿಗಳಲ್ಲಿಯೂ, ಹುಮನಾಬಾದಿನ ಹಾದಿಯಲ್ಲಿರುವ ಕಮಲಾಪುರದ ಬಸ್ ನಿಲ್ದಾಣದಲ್ಲಿಯೂ, ಕಾಲ್ಚೆಂಡಾಟದ ಅಭಿಮಾನಿಗಳಾದ ವಿದ್ಯಾರ್ಥಿಗಳು ನಡೆಸುವ ಚರ್ಚೆಯನ್ನು ಕೇಳಿದವರಿಗೆ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಅವರು ಆಟದ ಸೊಬಗಿಗಿಂತ ಹೆಚ್ಚಾಗಿ ಎರಡು ಪ್ರಶ್ನೆಗಳನ್ನು ಕುರಿತು ವಾದಿಸುತ್ತಾರೆ. ತಂಡಕ್ಕೆ ತರಬೇತುದಾರನನ್ನಾಗಿ ಯಾರನ್ನು ನೇಮಿಸಬೇಕು? ತಂಡದ ವೆಚ್ಚಕ್ಕೆ ಹಣ ಎಲ್ಲಿಂದ ಬರಬೇಕು? ತಂಡವು ಭಾರತದ್ದಿರಲಿ, ಬೆಂಗಳೂರಿನದಿರಲಿ, ತಮ್ಮ ಕಾಲೇಜಿನದೇ ಇರಲಿ, ವಾದದ ಧಾಟಿ ಒಂದೇ ಆಗಿರುತ್ತದೆ.

ಈ ವಾದದಲ್ಲಿ ಎರಡು ಪಕ್ಷಗಳಿವೆ. ತಕ್ಕ ಗುರು ದೊರೆತರೆ ಮಣ್ಣಿನಿಂದಲೂ ತಂಡವನ್ನು ಕಟ್ಟಬಹುದೆಂಬುದು ಮೊದಲನೆಯ ಪಕ್ಷ. ಹಣವೊಂದಿದ್ದರೆ ಗುರುವೂ ಬರುತ್ತಾನೆ, ಆಟಗಾರರೂ ಬರುತ್ತಾರೆಂಬುದು ಎರಡನೆಯದು. ಸೌಕರ್ಯಕ್ಕಾಗಿ ಇವುಗಳನ್ನು ಗುರುಪಕ್ಷ, ಧನಪಕ್ಷ ಎಂದು ಕರೆಯೋಣ. ಇವೆರಡನ್ನೂ ಇತಿಹಾಸದ ಒರೆಗಲ್ಲಿಗೆ ಹಚ್ಚಿ ನೋಡುವುದೇ ಪ್ರಕೃತ ಲೇಖನದ ಉದ್ದೇಶ. ಇದು ಹರಟೆಯ ವಿಷಯ, ಇತಿಹಾಸ ವಿಭಾಗಕ್ಕೆ ಇದರಿಂದೇನು ಎಂದು ಕೆಲವರು ಕೇಳಬಹುದು. ಆದರೆ ಕಾಲೇಜಿನ ಕ್ರೀಡಾಶುಲ್ಕ ವಿದ್ಯಾರ್ಥಿಗಳು ತೆತ್ತ ಹಣ. ಅದನ್ನು ಯಾವ ನಂಬಿಕೆಯ ಮೇಲೆ ವೆಚ್ಚ ಮಾಡುತ್ತೇವೆಂಬುದು ಈ ವಾದದ ತೀರ್ಮಾನವನ್ನೇ ಅವಲಂಬಿಸಿದೆ.

೨

ಗುರುಪಕ್ಷದವರು ಮೊದಲು ಮುಂದಿಡುವ ಸಾಕ್ಷ್ಯ ಹೈದರಾಬಾದಿನ ಸೈಯದ್ ಅಬ್ದುಲ್ ರಹೀಂ ಅವರದು. ಈ ಸಾಕ್ಷ್ಯ ನಮಗೆ ಹೊರಗಿನದಲ್ಲ. ಕಲಬುರಗಿ ಜಿಲ್ಲೆಯು ೧೯೫೬ರ ನವೆಂಬರ್ ೧ರವರೆಗೆ ಹೈದರಾಬಾದ್ ರಾಜ್ಯದ ಭಾಗವಾಗಿತ್ತು. ಹೈದರಾಬಾದಿನ ಕಾಲ್ಚೆಂಡಾಟದ ಏಳಿಗೆಯ ಕಥೆಯ ಮೊದಲ ಅಧ್ಯಾಯಗಳು ನಮ್ಮ ರಾಜಧಾನಿಯ ಕಥೆಯೇ ಆಗಿದ್ದುವು. ೧೯೦೯ರಲ್ಲಿ ಹುಟ್ಟಿದ ರಹೀಂ ಅವರು ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಓದಿ ಶಾಲಾ ಶಿಕ್ಷಕರಾದರು. ೧೯೪೩ರಲ್ಲಿ ಹೈದರಾಬಾದ್ ಫುಟ್‌ಬಾಲ್ ಸಂಸ್ಥೆಯ ಕಾರ್ಯದರ್ಶಿಗಳಾಗಿ, ೧೯೬೩ರ ಜೂನ್ ತಿಂಗಳಲ್ಲಿ ತೀರಿಕೊಳ್ಳುವವರೆಗೂ ಆ ಹೊಣೆಯನ್ನು ಹೊತ್ತರು. ಅವರ ಕೈಕೆಳಗೆ ಹೈದರಾಬಾದ್ ಸಿಟಿ ಪೊಲೀಸ್ ತಂಡವು ೧೯೫೦ರಿಂದ ೧೯೫೪ರವರೆಗೆ ಬಿಡದೆ ಐದು ವರ್ಷ ರೋವರ್ಸ್ ಕಪ್ಪನ್ನು ಗೆದ್ದಿತು. ಭಾರತ ತಂಡವು ೧೯೫೧ರಲ್ಲಿ ದೆಹಲಿಯಲ್ಲಿಯೂ ೧೯೬೨ರಲ್ಲಿ ಜಕಾರ್ತಾದಲ್ಲಿಯೂ ಏಷ್ಯನ್ ಕ್ರೀಡಾಕೂಟದ ಚಿನ್ನದ ಪದಕವನ್ನು ಪಡೆಯಿತು. ೧೯೫೬ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ನಾಲ್ಕನೆಯ ಸ್ಥಾನಕ್ಕೇರಿತು.

೨೦೨೪ರಲ್ಲಿ ತೆರೆಗೆ ಬಂದ ‘ಮೈದಾನ್’ ಎಂಬ ಹಿಂದಿ ಚಿತ್ರವು ಈ ಕಥೆಯನ್ನು ಹೊಸ ಪೀಳಿಗೆಗೆ ಪರಿಚಯ ಮಾಡಿಕೊಟ್ಟಿತು. ಅದಕ್ಕಾಗಿ ಚಿತ್ರಕಾರರಿಗೆ ಋಣಿಗಳಾಗಿರಬೇಕು. ಆದರೆ ಚಿತ್ರದ ಕೇಂದ್ರದಲ್ಲಿರುವುದು ಒಬ್ಬ ವ್ಯಕ್ತಿ ಮತ್ತು ಆತನ ಛಲ. ಪೊಲೀಸ್ ತಂಡದ ದಿನನಿತ್ಯದ ಬದುಕಾಗಲಿ ಹೈದರಾಬಾದಿನ ಶಾಲೆಗಳ ಮೈದಾನಗಳಾಗಲಿ ಅದರ ಕೇಂದ್ರವಲ್ಲ. ಚಿತ್ರಕ್ಕೆ ನಾಯಕನೊಬ್ಬ ಬೇಕು, ಅದು ಸಹಜ. ಚಿತ್ರವನ್ನು ನೋಡಿ ಬಂದವರು ನಾಯಕನ ಕಥೆಯನ್ನೇ ಇತಿಹಾಸದ ಕಾರಣವೆಂದು ತಿಳಿಯುವುದು ಮಾತ್ರ ವಿಚಾರಾರ್ಹ.

ಗುರುಪಕ್ಷವು ಬಿಟ್ಟುಬಿಡುವ ಸಂಗತಿಗಳು ಮೂರು. ಮೊದಲನೆಯದು, ಸಿಟಿ ಪೊಲೀಸ್ ತಂಡದ ಆಟಗಾರರಿಗೆ ಪೊಲೀಸ್ ಇಲಾಖೆಯ ಉದ್ಯೋಗವಿತ್ತು. ತಿಂಗಳ ಸಂಬಳ ಬರುತ್ತಿದ್ದುದರಿಂದಲೇ ಅವರು ವರ್ಷವಿಡೀ ಒಟ್ಟಿಗೆ ಅಭ್ಯಾಸ ಮಾಡಲು ಸಾಧ್ಯವಾಯಿತು. ಎರಡನೆಯದು, ರಹೀಂ ಅವರ ಹೆಸರು ದೇಶಕ್ಕೆ ತಿಳಿಯುವ ಮೊದಲೇ ಅವರು ಏಳು ವರ್ಷ ಕಾಲ ಸಂಸ್ಥೆಯ ಕಾರ್ಯದರ್ಶಿಯಾಗಿ ಆಟದ ಆಡಳಿತವನ್ನು ನಡೆಸಿದ್ದರು. ಗುರುವಾಗುವ ಮುನ್ನ ಅವರು ವ್ಯವಸ್ಥಾಪಕರಾಗಿದ್ದರು. ಮೂರನೆಯದು ಸೋಲಿನ ಸಾಕ್ಷ್ಯ. ೧೯೫೨ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಇದೇ ಗುರುವಿನ ತಂಡವು ಯುಗೋಸ್ಲಾವಿಯಕ್ಕೆ ೧೦-೧ ಗೋಲುಗಳಿಂದ ಸೋತಿತು. ಆ ಚಳಿಯಲ್ಲಿ ನಮ್ಮವರಲ್ಲಿ ಹಲವರು ಬರಿಗಾಲಿನಲ್ಲಿ ಆಡಿದರು. ಗುರುವೊಬ್ಬನೇ ಸಾಕೆಂಬ ವಾದಕ್ಕೆ ಹೆಲ್ಸಿಂಕಿಯನ್ನು ವಿವರಿಸುವ ಶಕ್ತಿಯಿಲ್ಲ. ಪಾದರಕ್ಷೆಯೂ ಪೂರ್ವಸಿದ್ಧತೆಯೂ ವೆಚ್ಚದ ಬಾಬುಗಳು.

ಸಿಕಂದರಾಬಾದಿನ ಕಡೆಯಿಂದ ಬಂದ ಬಡ ಹುಡುಗ ತುಳಸಿದಾಸ್ ಬಲರಾಂ ಅವರಿಗೆ ಅಭ್ಯಾಸಕ್ಕೆ ಬಂದುಹೋಗಲು ಸೈಕಲ್ ಬಾಡಿಗೆಯ ಹಣವನ್ನು ರಹೀಂ ಅವರು ಒದಗಿಸಿದರೆಂಬ ಸಂಗತಿ ಕಾಲ್ಚೆಂಡಾಟದ ಚರಿತ್ರೆಯನ್ನು ಬರೆದವರಲ್ಲಿ ಪ್ರಸಿದ್ಧವಾಗಿದೆ. ಗುರುಪಕ್ಷದವರು ಇದನ್ನು ಗುರುವಿನ ಔದಾರ್ಯಕ್ಕೆ ನಿದರ್ಶನವಾಗಿ ಹೇಳುತ್ತಾರೆ. ಔದಾರ್ಯವೆಂಬುದು ನಿಜ. ಆದರೆ ಒಬ್ಬ ಆಟಗಾರನ ಭವಿಷ್ಯವು ಸೈಕಲ್ ಬಾಡಿಗೆಯ ಮೇಲೆ ನಿಂತಿತ್ತೆಂಬುದೂ ಅದೇ ಸಂಗತಿಯಿಂದ ಸಿದ್ಧವಾಗುತ್ತದೆ. ಗುರುವಿನ ಜೇಬು ಬೊಕ್ಕಸದ ಸ್ಥಾನವನ್ನು ಎಷ್ಟು ಹುಡುಗರಿಗೆ, ಎಷ್ಟು ದಿನ ತುಂಬಬಲ್ಲುದು?

ಗುರುಪಕ್ಷಕ್ಕೆ ನ್ಯಾಯವಾಗಿ ಸಲ್ಲಬೇಕಾದುದನ್ನೂ ಹೇಳಬೇಕು. ರಹೀಂ ಅವರು ತೀರಿಕೊಂಡ ಬಳಿಕ ಆಂಧ್ರಪ್ರದೇಶವು ೧೯೬೫-೬೬ರಲ್ಲಿ ಒಮ್ಮೆ ಸಂತೋಷ್ ಟ್ರೋಫಿಯನ್ನು ಗೆದ್ದಿತು. ಅನಂತರ ಆ ಪ್ರಶಸ್ತಿ ಅದಕ್ಕೆ ದೊರೆಯಲಿಲ್ಲ. ಗುರುವಿನ ಅಭಾವದಿಂದ ಇಳಿತ ಬಂದಿತೆಂದು ಹೇಳಲು ಇದು ಆಧಾರವಾಗಬಹುದು. ಆದರೆ ಗುರುವಿಲ್ಲದೆಯೂ ಎರಡು ವರ್ಷಗಳ ಮೇಲೆ ಗೆಲುವು ಬಂದಿತೆಂಬುದನ್ನು ಅದರೊಡನೆಯೇ ಓದಬೇಕು. ಕಟ್ಟಿದ ವ್ಯವಸ್ಥೆಯು ಕಟ್ಟಿದವನ ಬಳಿಕವೂ ಸ್ವಲ್ಪ ಕಾಲ ನಡೆಯುತ್ತದೆ. ಅದನ್ನು ಯಾರೂ ನೋಡಿಕೊಳ್ಳದಿದ್ದರೆ ನಿಲ್ಲುತ್ತದೆ.

೩

ಇನ್ನು ಧನಪಕ್ಷ. ಇದಕ್ಕೂ ಹಳೆಯ ಸಾಕ್ಷ್ಯಗಳುಂಟು. ಬೆಂಗಳೂರಿನ ಅಹ್ಮದ್ ಖಾನ್, ಧನರಾಜ್ ಮೊದಲಾದವರು ಕಲಕತ್ತೆಯ ಈಸ್ಟ್ ಬೆಂಗಾಲ್ ಕ್ಲಬ್ಬಿಗೆ ಹೋಗಿ ಕೀರ್ತಿ ಪಡೆದರು. ಬಲರಾಂ ಅವರೂ ಮುಂದೆ ಅಲ್ಲಿಗೇ ಹೋದರು. ದೊಡ್ಡ ಕ್ಲಬ್ಬು, ದೊಡ್ಡ ಪ್ರೇಕ್ಷಕವರ್ಗ ಇರುವೆಡೆಗೆ ಆಟಗಾರರು ಸಾಗುವುದು ಸ್ವಾಭಾವಿಕವೇ.

ಆದರೆ ಹಣವೇ ಸರ್ವಸ್ವವಾಗಿದ್ದರೆ ಮೈಸೂರು ರಾಜ್ಯದ ತಂಡವು ೧೯೬೭-೬೮ರಲ್ಲಿಯೂ ೧೯೬೮-೬೯ರಲ್ಲಿಯೂ ಅದೇ ಕಲಕತ್ತೆಯ ಆಟಗಾರರಿಂದ ಕೂಡಿದ ಬಂಗಾಳವನ್ನು ಅಂತಿಮ ಪಂದ್ಯದಲ್ಲಿ ಸೋಲಿಸಿ ಸಂತೋಷ್ ಟ್ರೋಫಿಯನ್ನು ಗೆದ್ದುದು ಹೇಗೆ? ಇದಕ್ಕಿಂತ ಪ್ರಬಲವಾದ ಆಕ್ಷೇಪ ಮತ್ತೊಂದಿದೆ. ಆ ಗೆಲುವಿನ ಬಳಿಕ ಬೆಂಗಳೂರು ದೇಶದ ಅತ್ಯಂತ ಶ್ರೀಮಂತ ನಗರಗಳಲ್ಲಿ ಒಂದಾಗಿ ಬೆಳೆಯಿತು. ರಾಜ್ಯದ ಹೆಸರೂ ೧೯೭೩ರಲ್ಲಿ ಕರ್ನಾಟಕವೆಂದಾಯಿತು. ಸಂತೋಷ್ ಟ್ರೋಫಿ ಮಾತ್ರ ಐವತ್ತನಾಲ್ಕು ವರ್ಷ ಕಾಲ ರಾಜ್ಯಕ್ಕೆ ಮರಳಲಿಲ್ಲ. ೨೦೨೩ರ ಮಾರ್ಚ್ ೪ರಂದು ಸೌದಿ ಅರೇಬಿಯದ ರಿಯಾದ್ ನಗರದಲ್ಲಿ ಮೇಘಾಲಯವನ್ನು ೩-೨ರಿಂದ ಸೋಲಿಸಿದಾಗಲೇ ಅದು ಬಂದಿತು. ನಗರದಲ್ಲಿ ಹಣವಿರುವುದು ಒಂದು, ಆ ಹಣ ಆಟಕ್ಕೆ ಹರಿಯುವುದು ಇನ್ನೊಂದು.

ಹಣವು ಆಟಕ್ಕೇ ಹರಿದಾಗ ಏನಾಗುತ್ತದೆಂಬುದನ್ನು ಬೆಂಗಳೂರು ಎಫ್‌ಸಿಯ ಚರಿತ್ರೆಯಲ್ಲಿ ಕಾಣಬಹುದು. ೨೦೧೩ರಲ್ಲಿ ಜೆಎಸ್‌ಡಬ್ಲ್ಯೂ ಉದ್ಯಮ ಸಮೂಹವು ಸ್ಥಾಪಿಸಿದ ಈ ಕ್ಲಬ್ಬು ಆಶ್ಲೀ ವೆಸ್ಟ್‌ವುಡ್ ಅವರ ತರಬೇತಿಯಲ್ಲಿ ಮೊದಲ ವರ್ಷವೇ ಐ-ಲೀಗನ್ನು ಗೆದ್ದಿತು. ೨೦೧೬ರಲ್ಲಿ ಆಲ್ಬರ್ಟ್ ರೋಕಾ ಅವರ ಕಾಲದಲ್ಲಿ ಎಎಫ್‌ಸಿ ಕಪ್ಪಿನ ಅಂತಿಮ ಪಂದ್ಯವನ್ನು ಮುಟ್ಟಿತು. ೨೦೧೮-೧೯ರಲ್ಲಿ ಕಾರ್ಲ್ಸ್ ಕ್ವಾದ್ರಾತ್ ಅವರ ಕಾಲದಲ್ಲಿ ಇಂಡಿಯನ್ ಸೂಪರ್ ಲೀಗನ್ನು ಪಡೆಯಿತು. ಇಲ್ಲಿ ಗುರುವೂ ಇದ್ದ, ಧನವೂ ಇತ್ತು. ಎರಡು ಪಕ್ಷಗಳೂ ತಮ್ಮದೇ ಗೆಲುವೆಂದು ಹೇಳಿಕೊಳ್ಳಬಹುದು.

ಆದರೆ ೨೦೨೫ರ ಆಗಸ್ಟ್ ತಿಂಗಳಲ್ಲಿ ಇದೇ ಕ್ಲಬ್ಬು ತನ್ನ ಪ್ರಧಾನ ತಂಡದ ಆಟಗಾರರ ಮತ್ತು ಸಿಬ್ಬಂದಿಯ ವೇತನವನ್ನು ಅನಿರ್ದಿಷ್ಟ ಕಾಲ ತಡೆಹಿಡಿಯುವುದಾಗಿ ಪ್ರಕಟಿಸಿತು. ಇದಕ್ಕೆ ಕಾರಣ ಆಟದ ಮೈದಾನದಲ್ಲಿ ಇರಲಿಲ್ಲ. ಅಖಿಲ ಭಾರತ ಫುಟ್‌ಬಾಲ್ ಒಕ್ಕೂಟವು ೨೦೧೦ರಲ್ಲಿ ವಾಣಿಜ್ಯ ಹಕ್ಕುಗಳನ್ನು ಹದಿನೈದು ವರ್ಷಗಳ ಅವಧಿಗೆ ೭೦೦ ಕೋಟಿ ರೂಪಾಯಿಗಳಿಗೆ ಒಪ್ಪಿಸಿಕೊಟ್ಟಿತ್ತು. ಆ ಒಪ್ಪಂದವು ೨೦೨೫ರ ಡಿಸೆಂಬರಿನಲ್ಲಿ ಮುಗಿಯಲಿದ್ದು, ಮುಂದೇನೆಂಬುದು ತೀರ್ಮಾನವಾಗದೆ ಲೀಗಿನ ಆರಂಭವೇ ಅನಿಶ್ಚಿತವಾಯಿತು. ಅದಕ್ಕೆ ಕೆಲವೇ ತಿಂಗಳ ಹಿಂದೆ, ೨೦೨೪-೨೫ರ ಋತುವಿನಲ್ಲಿ, ತಂಡವು ಅಂತಿಮ ಪಂದ್ಯವನ್ನಾಡಿತ್ತು. ಗುರುವಿನ ಜಾಣ್ಮೆ ಈ ಅನಿಶ್ಚಿತತೆಗೆ ಉತ್ತರವಾಗಲಾರದು. ಮಾಲೀಕನ ಸಂಪತ್ತು ಕೂಡ ಉತ್ತರವಾಗಲಿಲ್ಲ. ಕೊರತೆಯಾದುದು ಭರವಸೆಯ ಅವಧಿ.

ನೇಮಕದ ಚರ್ಚೆಯಲ್ಲಿ ಮರೆತುಹೋಗುವ ಇನ್ನೊಂದು ವೆಚ್ಚವುಂಟು. ಭಾರತ ತಂಡದ ತರಬೇತುದಾರರಾಗಿದ್ದ ಇಗೋರ್ ಸ್ಟಿಮಾಚ್ ಅವರನ್ನು ಒಕ್ಕೂಟವು ೨೦೨೪ರ ಜೂನ್ ತಿಂಗಳಲ್ಲಿ ತೆಗೆದುಹಾಕಿತು. ಕರಾರಿನ ಅವಧಿ ಉಳಿದಿದ್ದುದರಿಂದ ಕೊನೆಗೆ ನಾಲ್ಕು ಲಕ್ಷ ಡಾಲರುಗಳ ಪರಿಹಾರಕ್ಕೆ ಒಪ್ಪಂದವಾಯಿತೆಂದು ವರದಿಯಾಯಿತು. ನೇಮಿಸುವ ವೆಚ್ಚವನ್ನು ಎಣಿಸುವವರು ತೆಗೆಯುವ ವೆಚ್ಚವನ್ನೂ ಎಣಿಸಬೇಕು.

೪

ಈ ತೆಗೆಯುವ ವೆಚ್ಚವು ವಿಶ್ವವಿದ್ಯಾಲಯಗಳಲ್ಲಿಯೇ ಪರಮಾವಧಿಯನ್ನು ಮುಟ್ಟಿರುವ ದೇಶ ಅಮೆರಿಕ. ಅಲ್ಲಿಯ ಫುಟ್‌ಬಾಲ್ ನಮ್ಮ ಕಾಲ್ಚೆಂಡಾಟವಲ್ಲ, ಹೆಚ್ಚಾಗಿ ಕೈಯಿಂದಲೇ ಆಡುವ ಬೇರೊಂದು ಆಟ. ಆದರೆ ವಾದ ಮಾತ್ರ ಒಂದೇ. ಟೆಕ್ಸಾಸ್ ಎ ಅಂಡ್ ಎಂ ವಿಶ್ವವಿದ್ಯಾಲಯವು ೨೦೨೩ರ ನವೆಂಬರಿನಲ್ಲಿ ತನ್ನ ತರಬೇತುದಾರ ಜಿಂಬೋ ಫಿಶರ್ ಅವರನ್ನು ಕೈಬಿಟ್ಟಾಗ, ಕರಾರಿನಂತೆ ಅವರಿಗೆ ಸಲ್ಲಬೇಕಾದ ಮೊತ್ತ ಏಳೂವರೆ ಕೋಟಿ ಡಾಲರುಗಳನ್ನು ಮೀರಿತ್ತು. ಗೆಲುವಿನ ಹಂಬಲವಿರುವ ಅಭಿಮಾನಿಗಳು ಹೊಸ ಗುರುವನ್ನು ಬೇಡುತ್ತಾರೆ. ಹಳೆಯ ಗುರುವಿನ ಕರಾರು ಬೊಕ್ಕಸವನ್ನು ಕಾದಿರುತ್ತದೆ.

ಇದರ ಬಗ್ಗೆ ಅಲ್ಲಿ ಎಚ್ಚರಿಕೆಯ ಮಾತು ಕೇಳಿಬರದೆ ಇರಲಿಲ್ಲ. ಕಾರ್ನೆಗಿ ಪ್ರತಿಷ್ಠಾನವು ೧೯೨೯ರಲ್ಲಿಯೇ ಕಾಲೇಜು ಕ್ರೀಡೆಯು ವ್ಯಾಪಾರವಾಗುತ್ತಿರುವುದನ್ನು ಕುರಿತು ವಿಸ್ತಾರವಾದ ವರದಿಯನ್ನು ಪ್ರಕಟಿಸಿತ್ತು. ಚಿಕಾಗೊ ವಿಶ್ವವಿದ್ಯಾಲಯವು ೧೮೯೨ರಲ್ಲಿ ಏಮಸ್ ಅಲೊನ್ಜೊ ಸ್ಟಾಗ್ ಅವರನ್ನು ಬೋಧಕವರ್ಗದ ಸ್ಥಾನವನ್ನೇ ಕೊಟ್ಟು ನೇಮಿಸಿ ದೊಡ್ಡ ತಂಡವನ್ನು ಕಟ್ಟಿತು. ೧೯೩೯ರಲ್ಲಿ ಅದೇ ವಿಶ್ವವಿದ್ಯಾಲಯವು ಹಚಿನ್ಸ್ ಅವರ ಅಧ್ಯಕ್ಷತೆಯಲ್ಲಿ ಆ ಆಟದ ತಂಡವನ್ನೇ ನಿಲ್ಲಿಸಿತು. ಗುರುವಿಗೆ ಅಧ್ಯಾಪಕನ ಸ್ಥಾನವನ್ನು ಕೊಟ್ಟುದೂ, ವಿದ್ಯೆಯ ಉದ್ದೇಶಕ್ಕೆ ಹೊರೆಯಾಯಿತೆಂದು ಕಂಡಾಗ ಆಟವನ್ನು ಬಿಟ್ಟುದೂ ಒಂದೇ ಸಂಸ್ಥೆ. ನಮ್ಮ ಕಾಲೇಜುಗಳಿಗೆ ಅಂಥ ಹಣದ ಅಪಾಯವಿಲ್ಲ. ಆದರೆ ಸಂಸ್ಥೆಯು ತನ್ನ ಆಟ ಯಾವುದಕ್ಕಾಗಿ ಎಂದು ಕೇಳಿಕೊಳ್ಳುವ ಧೈರ್ಯವನ್ನು ಅಲ್ಲಿಂದ ಕಲಿಯಬಹುದು.

೫

ಈಗ ನಮ್ಮ ನೆಲಕ್ಕೆ ಬರೋಣ. ಉದಾಹರಣೆಗಾಗಿ ಒಂದು ಕಲ್ಪಿತ ಲೆಕ್ಕವನ್ನು ಹಾಕಬಹುದು. ತಾಲ್ಲೂಕು ಕೇಂದ್ರದ ಒಂದು ಕಾಲೇಜಿನಲ್ಲಿ ಆರು ನೂರು ವಿದ್ಯಾರ್ಥಿಗಳಿದ್ದು, ತಲೆಗೆ ನೂರು ರೂಪಾಯಿಯಂತೆ ಕ್ರೀಡಾಶುಲ್ಕ ಸಂದಾಯವಾದರೆ ವರ್ಷಕ್ಕೆ ಅರುವತ್ತು ಸಾವಿರ ರೂಪಾಯಿ. ಕಬಡ್ಡಿ, ಖೋ ಖೋ, ವಾಲಿಬಾಲ್, ಓಟ, ಜಿಗಿತಗಳಿಗೆ ಪಾಲು ಕೊಟ್ಟ ಮೇಲೆ ಕಾಲ್ಚೆಂಡಾಟಕ್ಕೆ ಹತ್ತು ಹನ್ನೆರಡು ಸಾವಿರ ಉಳಿದೀತು. ಗುರುಪಕ್ಷದವರ ಮಾತನ್ನು ಕೇಳಿ ಅದನ್ನೆಲ್ಲ ಅಂತರ ಕಾಲೇಜು ಪಂದ್ಯಗಳಿಗೆ ಮುನ್ನ ಹದಿನೈದು ದಿನದ ತರಬೇತುದಾರನಿಗೆ ಕೊಟ್ಟರೆ, ಉಳಿದ ಹನ್ನೊಂದೂವರೆ ತಿಂಗಳು ಚೆಂಡಿಗೆ ಗಾಳಿ ಹಾಕುವವರೂ ಇರುವುದಿಲ್ಲ. ಧನಪಕ್ಷದವರ ಮಾತನ್ನು ಕೇಳಿ ದಾನಿಯೊಬ್ಬನನ್ನು ಕಾಯುತ್ತ ಕುಳಿತರೆ, ದಾನಿ ಬಂದ ವರ್ಷ ಹೊಸ ಅಂಗಿ, ಬಾರದ ವರ್ಷ ತಂಡವೇ ಇಲ್ಲ.

ಪದವಿ ತರಗತಿಯ ತಂಡದಲ್ಲಿ ಒಬ್ಬ ಆಟಗಾರ ಇರುವುದು ಸಾಮಾನ್ಯವಾಗಿ ಮೂರು ವರ್ಷ. ಮೊದಲ ವರ್ಷ ಕಲಿತು, ಎರಡನೆಯ ವರ್ಷ ಆಡಿ, ಮೂರನೆಯ ವರ್ಷ ಕಿರಿಯರಿಗೆ ಕಲಿಸಿ ಹೋಗುವಂತಾದರೆ ಮಾತ್ರ ತಂಡವೆಂಬುದು ಉಳಿಯುತ್ತದೆ. ಆದುದರಿಂದ ಯಾವ ತರಬೇತುದಾರನ ಯೋಗ್ಯತೆಯನ್ನಾದರೂ ಅಳೆಯಲು ಒಂದು ತಲೆಮಾರು, ಎಂದರೆ ಮೂರು ವರ್ಷ, ಬೇಕೇ ಬೇಕು. ಕಮಲಾಪುರದ ಕೆಂಪುಬಾಳೆಯನ್ನು ಬೆಳೆಯುವ ರೈತರಿಗೆ ಈ ಮಾತನ್ನು ವಿವರಿಸಬೇಕಾಗಿಲ್ಲ. ಬೇರೆ ಬಾಳೆಗಿಂತ ಅದರ ಗೊನೆ ತಡವಾಗಿ ಬರುತ್ತದೆಂದು ತಿಳಿದೇ ಅವರು ನಾಟಿ ಮಾಡುತ್ತಾರೆ. ಅಷ್ಟು ಕಾಲಕ್ಕೂ ನೀರು ಗೊಬ್ಬರಗಳ ಲೆಕ್ಕವನ್ನು ಮೊದಲೇ ಹಾಕಿರುತ್ತಾರೆ. ಗುರುಪಕ್ಷ ಧನಪಕ್ಷಗಳೆರಡೂ ಬಿಟ್ಟಿರುವುದು ಈ ಎರಡು ಸಂಗತಿಗಳನ್ನು: ಅವಧಿ ಮತ್ತು ಲೆಕ್ಕ. ರಹೀಂ ಅವರ ಹೈದರಾಬಾದಿನಲ್ಲಿ ಇಪ್ಪತ್ತು ವರ್ಷಗಳ ಅವಧಿಯೂ ತಿಂಗಳ ಸಂಬಳದ ಆಧಾರವೂ ಒಂದೆಡೆ ಕೂಡಿದ್ದುವು. ಆ ಕೂಟವೇ ಕಾರಣ, ವ್ಯಕ್ತಿಯೊಬ್ಬನಲ್ಲ, ಧನವೊಂದಲ್ಲ.

ಆದುದರಿಂದ ಕಾಲೇಜುಗಳು ತರಬೇತಿಯ ಹೊಣೆಯನ್ನು ಕನಿಷ್ಠ ಮೂರು ವರ್ಷಗಳಿಗೆ ಒಬ್ಬರಿಗೆ ವಹಿಸುವುದೂ, ನೆರೆಹೊರೆಯ ಎರಡು ಮೂರು ಕಾಲೇಜುಗಳು ಕೂಡಿ ಆ ವೆಚ್ಚವನ್ನು ಹಂಚಿಕೊಳ್ಳುವುದೂ, ಕ್ರೀಡಾಶುಲ್ಕದ ಆಯವ್ಯಯವನ್ನು ವರ್ಷಕ್ಕೊಮ್ಮೆ ವಿದ್ಯಾರ್ಥಿಗಳ ಮುಂದೆ ಓದಿಹೇಳುವುದೂ ಯುಕ್ತವೆಂದು ತೋರುತ್ತದೆ. ಲೆಕ್ಕವನ್ನು ಕಂಡ ವಿದ್ಯಾರ್ಥಿಯ ವಾದ ಬೇರೆಯಾಗುತ್ತದೆ. ಅವನು ಯಾರನ್ನು ನೇಮಿಸಬೇಕೆಂದು ಕೇಳುವುದರ ಜೊತೆಗೆ ಎಷ್ಟು ಕಾಲಕ್ಕೆ, ಯಾರ ಹಣದಿಂದ ಎಂದೂ ಕೇಳುತ್ತಾನೆ.

ಇತಿಹಾಸದ ವಿದ್ಯಾರ್ಥಿಗಳಿಗೂ ಇಲ್ಲಿ ಒಂದು ಕೆಲಸವುಂಟು. ಕಲಬುರಗಿಯ ಕಾಲೇಜು ಶಿಕ್ಷಣವು ಮೊದಲು ಉಸ್ಮಾನಿಯಾ ವಿಶ್ವವಿದ್ಯಾಲಯದ, ರಾಜ್ಯ ಪುನರ್ವಿಂಗಡಣೆಯ ಬಳಿಕ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ, ೧೯೮೦ರಿಂದ ಗುಲ್ಬರ್ಗ ವಿಶ್ವವಿದ್ಯಾಲಯದ ಆಶ್ರಯವನ್ನು ಪಡೆಯಿತು. ನಮ್ಮ ಕಾಲೇಜು ತಂಡಗಳ ಚರಿತ್ರೆಯನ್ನು ಬರೆಯುವವರು ಉರ್ದು, ಇಂಗ್ಲಿಷ್, ಕನ್ನಡಗಳಲ್ಲಿ ಈ ಮೂರೂ ಕಡೆ ಹುಡುಕಬೇಕು. ವಾರ್ಷಿಕ ಸಂಚಿಕೆಗಳ ಕ್ರೀಡಾವರದಿಗಳು, ಶುಲ್ಕದ ಖಾತೆಗಳು, ಪ್ರಯಾಣಭತ್ಯದ ರಸೀತಿಗಳು ರದ್ದಿಗೆ ಹೋಗುವ ಮುನ್ನ ಅವನ್ನು ಕಾಪಾಡಬೇಕು. ಗುರುಗಳ ಹೆಸರನ್ನು ನೆನಪು ಹೇಗೋ ಉಳಿಸಿಕೊಳ್ಳುತ್ತದೆ. ಆ ಗುರುಗಳು ಎಷ್ಟು ಹಣದಲ್ಲಿ, ಎಷ್ಟು ಕಾಲ, ಎಷ್ಟು ಹುಡುಗರಿಗೆ ಕಲಿಸಿದರೆಂಬುದನ್ನು ಮಾತ್ರ ಕಾಗದಪತ್ರಗಳೇ ಹೇಳಬೇಕು.