ಸ್ಪ್ಯಾನರ್ ಯಾರ ಕೈಯಲ್ಲಿ?

ಜುಲೈ ತಿಂಗಳ ಎರಡನೇ ಭಾನುವಾರ ಬಂತೆಂದರೆ ಹಳೆಯ ಜಾವಾ–ಯೆಜ್ಡಿ ಮೋಟರ್‌ಸೈಕಲ್ಲುಗಳು ಬೆಂಗಳೂರು, ಮೈಸೂರುಗಳ ಬೀದಿಗೆ ಇಳಿಯುತ್ತವೆ. ಮರೂನ್ ಬಣ್ಣ, ಹೊಳೆಯುವ ಕ್ರೋಮ್ ಟ್ಯಾಂಕು, ಅದರ ಅಂಚಿಗೆ ಕೂದಲೆಳೆಯಷ್ಟು ತೆಳುವಾದ ಚಿನ್ನದ ಗೆರೆ. ಪಕ್ಕದಲ್ಲಿ ನಿಂತ ಅಪ್ಪ, "ನಾನೂ ಮಗನೂ ಸೇರಿ ರೆಡಿ ಮಾಡಿದ್ದು" ಎನ್ನುತ್ತಾರೆ. ಜನ ಟ್ಯಾಂಕಿನ ಫೋಟೊ ತೆಗೆಯುತ್ತಾರೆ. ನನ್ನ ಕಣ್ಣು ಹೋಗುವುದು ಮಗನ ಉಗುರಿನ ಕಡೆಗೆ. ಉಗುರಿನ ಸಂದಿಯಲ್ಲಿ ಕರಿ ಗ್ರೀಸು ಉಳಿದಿದ್ದರೆ ಆ ಮಾತನ್ನು ನಂಬುತ್ತೇನೆ.

ಹಳೆಯ ಗಾಡಿಯನ್ನು ಮತ್ತೆ ಕಟ್ಟುವ ಈ ಹವ್ಯಾಸಕ್ಕೆ ಮೆಚ್ಚುಗೆ ಧಾರಾಳವಾಗಿ ಸಿಗುತ್ತದೆ, ವಿಮರ್ಶೆ ಸಿಗುವುದಿಲ್ಲ. ಅಪ್ಪ–ಮಕ್ಕಳು ಜೊತೆಗೂಡಿದ್ದೇ ದೊಡ್ಡದು ಎಂದುಕೊಂಡು ಸುಮ್ಮನಾಗುತ್ತೇವೆ. ಆದರೆ ಗಾಡಿ ಕಟ್ಟುವುದೂ ಒಂದು ಕೃತಿ, ಒಳ್ಳೆಯದು ಕೆಟ್ಟದ್ದು ಎಂಬ ಅಳತೆ ಅದಕ್ಕೂ ಇದೆ. ಇಂಜಿನ್ ಮೇಸ್ತ್ರಿಯ ಗ್ಯಾರೇಜಿಗೆ, ಟ್ಯಾಂಕು ಪ್ಲೇಟಿಂಗ್ ಅಂಗಡಿಗೆ, ಚಾಸಿ ಪೇಂಟರ್ ಹತ್ತಿರ ಹೋಗಿ, ಅಪ್ಪ ದುಡ್ಡು ಕೊಟ್ಟು, ಮಗ ವಿಡಿಯೊ ಮಾಡಿದ ಗಾಡಿ ಎಷ್ಟೇ ಚಂದವಿದ್ದರೂ ಅದನ್ನು ಜೊತೆಯ ಕೆಲಸವೆಂದು ಕರೆಯಲು ನನಗೆ ಮನಸ್ಸಾಗುವುದಿಲ್ಲ.

ಈ ಕೆಲಸವನ್ನು ಕೈಯಾರೆ ಮಾಡಲು ಅನುಕೂಲವಾದ ಊರುಗಳನ್ನು ಹುಡುಕಿದರೆ ಮಹಾರಾಷ್ಟ್ರದ ನಾಶಿಕ್ ಮತ್ತು ಛತ್ರಪತಿ ಸಂಭಾಜಿನಗರಗಳನ್ನು ಮೊದಲ ಸಾಲಿನಲ್ಲಿ ಇಡಬೇಕು. ನಾಶಿಕ್ ಹತ್ತಿರದ ಓಝರ್‌ನಲ್ಲಿ ಎಚ್‌ಎಎಲ್ ಮಿಗ್ ಯುದ್ಧವಿಮಾನಕ್ಕೆಂದು ಕಟ್ಟಿದ ಕಾರ್ಖಾನೆ 1964ರಿಂದ ಇದೆ. ಬೆಂಗಳೂರಿನ ಆಡುಗೋಡಿಯಲ್ಲಿ ಬೇರು ಬಿಟ್ಟ ಮೈಕೊ ಕಂಪನಿ ನಾಶಿಕ್‌ನ ಸಾತ್ಪುರದಲ್ಲೂ ಕಾರ್ಖಾನೆ ತೆರೆಯಿತು. ಆಗ ಔರಂಗಾಬಾದ್ ಆಗಿದ್ದ ಸಂಭಾಜಿನಗರದ ಹೊರವಲಯದ ವಾಳೂಜ್‌ನಲ್ಲಿ ಬಜಾಜ್ ಆಟೊ 1985ರಲ್ಲಿ ಉತ್ಪಾದನೆ ಶುರುಮಾಡಿತು. ಇಂಥ ಕಾರ್ಖಾನೆಗಳ ಸುತ್ತ ಲೇತ್ ಶೆಡ್ಡುಗಳು, ಬೋರಿಂಗ್ ಅಂಗಡಿಗಳು, ನಿವೃತ್ತ ಫಿಟ್ಟರು ಟರ್ನರುಗಳು ಸಹಜವಾಗಿ ನೆಲೆಸುತ್ತಾರೆ. ಸಿಗದ ಬುಷ್ ಒಂದನ್ನು ಹಿತ್ತಾಳೆ ಕಡ್ಡಿಯಿಂದ ಕಡೆದುಕೊಡುವವರು ಹತ್ತಿರದಲ್ಲೇ ಇರುವ ಊರಿನಲ್ಲಿ, ಮಗುವಿಗೆ ಬಿಡಿಭಾಗವೆಂದರೆ ಕೊರಿಯರ್‌ನಲ್ಲಿ ಬರುವ ಡಬ್ಬಿ ಎಂಬ ಕಲ್ಪನೆ ಬೆಳೆಯಬೇಕಿಲ್ಲ.

ಹೀಗಿದ್ದೂ ಎಲ್ಲೆಡೆ ಹವ್ಯಾಸಿಗಳ ಆಸೆ ಓಡುವುದು ಜಾವಾ, ಬುಲೆಟ್, ಆರ್‌ಡಿ350ಗಳ ಕಡೆಗೆ. ವಾಳೂಜ್ ಕಾರ್ಖಾನೆ ತೆರೆದ ಮರುವರ್ಷ, 1986ರಲ್ಲಿ, ಬಜಾಜ್‌ನ ಎಂ80 ಮತ್ತು ಕವಾಸಾಕಿ ಬಜಾಜ್ ಕೆಬಿ100 ಮಾರುಕಟ್ಟೆಗೆ ಬಂದವು. ಹಾಲಿನ ಕ್ಯಾನು, ತರಕಾರಿ ಮೂಟೆ, ಹಿಂದೆ ಒಬ್ಬರು, ಮುಂದೆ ಒಂದು ಮಗು, ಇಷ್ಟನ್ನೂ ಹೊತ್ತು ಹಳ್ಳಿಯ ಮಣ್ಣುರಸ್ತೆಗಳಲ್ಲಿ ಓಡಿದ್ದು ಎಂ80. ಅದು ಈಗ ತೂಕದ ಲೆಕ್ಕದಲ್ಲಿ ಗುಜರಿ ಸೇರುತ್ತಿದೆ. ಅಜ್ಜ ಓಡಿಸಿದ ಗಾಡಿಯನ್ನು ಗುಜರಿಗೆ ಹಾಕಿ, ಯಾರೋ ಓಡಿಸಿದ ಜಾವಾವನ್ನು ಲಕ್ಷ ಕೊಟ್ಟು ತಂದು "ಪರಂಪರೆ" ಎನ್ನುವುದನ್ನು ನಾನು ಒಪ್ಪಲಾರೆ. ಮಗುವಿಗೆ ಸಂಬಂಧವಿರುವುದು ಮೊದಲನೆಯದರ ಜೊತೆ.

ಜಾವಾದ ಮೇಲೆ ನನಗೆ ಪ್ರೀತಿ ಇಲ್ಲವೆಂದಲ್ಲ. ಮೈಸೂರಿನ ಯಾದವಗಿರಿಯಲ್ಲಿ ಇರಾನಿ ಕುಟುಂಬ ಕಟ್ಟಿದ ಐಡಿಯಲ್ ಜಾವಾ ಕಾರ್ಖಾನೆಯನ್ನು 1961ರಲ್ಲಿ ಉದ್ಘಾಟಿಸಿದವರು ಜಯಚಾಮರಾಜ ಒಡೆಯರ್. ಚೆಕ್ ದೇಶದ ಗಾಡಿ 1973ರಿಂದ ಯೆಜ್ಡಿ ಎಂಬ ನಮ್ಮದೇ ಹೆಸರು ಹೊತ್ತು, 1996ರಲ್ಲಿ ಕಾರ್ಖಾನೆ ಮುಚ್ಚುವವರೆಗೂ ಬಂತು. ಕಲಿಯುವವರಿಗೆ ಈ ಇಂಜಿನ್‌ಗಿಂತ ಒಳ್ಳೆಯ ಮೇಷ್ಟ್ರು ಸಿಗುವುದು ಕಷ್ಟ. ಎರಡು ಸ್ಟ್ರೋಕ್, ಒಂದೇ ಸಿಲಿಂಡರ್, ಆದರೆ ಎರಡು ಸೈಲೆನ್ಸರ್. ವಾಲ್ವ್ ಇಲ್ಲ, ಕ್ಯಾಮ್‌ಶಾಫ್ಟ್ ಇಲ್ಲ. ಕಿಕ್ಕರೇ ಗೇರ್ ಲಿವರ್. ಆ ಲಿವರನ್ನು ಒತ್ತಿದರೆ ಕ್ಲಚ್ಚೂ ತಾನಾಗಿ ಬಿಡುತ್ತದೆ. ಯಾವುದು ಯಾವುದನ್ನು ನಡೆಸುತ್ತದೆ ಎಂಬುದು ಮುಚ್ಚಳ ತೆಗೆದ ಕೂಡಲೇ ಕಣ್ಣಿಗೆ ಕಾಣುತ್ತದೆ.

ಇದರಲ್ಲಿ ಒಂದು ಕೆಲಸವಿದೆ, ಇಡೀ ಹವ್ಯಾಸದ ಪರವಾಗಿ ನಾನು ವಾದಿಸುವುದಿದ್ದರೆ ಅದೊಂದನ್ನು ಹಿಡಿದೇ ವಾದಿಸುತ್ತೇನೆ. ಅದು ಇಗ್ನಿಷನ್ ಟೈಮಿಂಗ್ ಕೂರಿಸುವುದು. ಬಲಬದಿಯ ಕವರ್ ಬಿಚ್ಚಿದರೆ ಡೈನಮೊ, ಅದರ ಜೊತೆಗೇ ಪ್ಲಾಟಿನಂ ಪಾಯಿಂಟ್. ಪಿಸ್ಟನ್ ಮೇಲಿನ ತುದಿ ಮುಟ್ಟುವುದಕ್ಕೆ ಕೆಲವೇ ಮಿಲಿಮೀಟರ್ ಮೊದಲು ಆ ಪಾಯಿಂಟ್ ತೆರೆಯಬೇಕು, ತೆರೆದ ಕ್ಷಣವೇ ಪ್ಲಗ್ಗಿನಲ್ಲಿ ಕಿಡಿ. ಪಾಯಿಂಟಿನ ಪೂರ್ತಿ ತೆರೆದ ಸಂದು ಸುಮಾರು 0.4 ಮಿಲಿಮೀಟರ್. ತೆರೆಯುವ ಆ ಕ್ಷಣವನ್ನು ಹಿಡಿಯಲು ಹಳೆಯ ಮೆಕ್ಯಾನಿಕ್‌ಗಳು ಸಿಗರೇಟಿನ ತೆಳು ಕಾಗದವನ್ನು ಪಾಯಿಂಟಿನ ನಡುವೆ ಸಿಕ್ಕಿಸುತ್ತಿದ್ದರು. ಒಬ್ಬರು ಪ್ಲಗ್ ತೂತಿನಲ್ಲಿ ಡೆಪ್ತ್ ಗೇಜ್ ಇಟ್ಟು ಕ್ರ್ಯಾಂಕನ್ನು ನಿಧಾನ ತಿರುಗಿಸುತ್ತಾರೆ, ಇನ್ನೊಬ್ಬರು ಕಾಗದವನ್ನು ಮೆಲ್ಲಗೆ ಎಳೆಯುತ್ತಾರೆ. ಕಾಗದ ಸಡಿಲಾಯಿತೋ, "ಹೂಂ" ಎನ್ನಬೇಕು. ಎಷ್ಟು ಅನುಭವವಿದ್ದರೂ ಕ್ರ್ಯಾಂಕ್ ಹಿಡಿದ ಅಪ್ಪನಿಗೆ ಆ ಸಡಿಲು ತಿಳಿಯುವುದಿಲ್ಲ. ಅದು ಮಗಳ ಬೆರಳಿಗೆ ಮಾತ್ರ ಗೊತ್ತು, ಅವಳ ಮಾತನ್ನು ನಂಬಿಯೇ ಅವನು ಸ್ಕ್ರೂ ಬಿಗಿಯಬೇಕು. ಜೊತೆಯ ಕೆಲಸವೆಂದರೆ ಇದು. ತೊಳೆದುಕೊಡು, ಟಾರ್ಚ್ ಹಿಡಿ, ಹತ್ತನೇ ನಂಬರ್ ಸ್ಪ್ಯಾನರ್ ತಾ ಎನ್ನುವುದು ಕೂಲಿ.

ಮಗಳು ಎಂದು ಬೇಕೆಂದೇ ಬರೆದೆ. ಅಪ್ಪ–ಮಗ ಎನ್ನುವುದು ಈ ಹವ್ಯಾಸದ ರೂಢಿಯ ಜೋಡಿಯಾಗಿಬಿಟ್ಟಿದೆ. ಪಿಸ್ಟನ್ ರಿಂಗಿನ ಬಾಯಿ ತೋಡಿನ ಪಿನ್ನಿಗೆ ಸರಿಯಾಗಿ ಕೂತಿದೆಯೇ ಎಂದು ನೋಡುವ ಕಣ್ಣಿಗೆ ಗಂಡು ಹೆಣ್ಣೆಂಬುದಿಲ್ಲ. ಕೂರದಿದ್ದರೆ ಯಾರು ಹಾಕಿದ ರಿಂಗಾದರೂ ಪೋರ್ಟಿಗೆ ಸಿಕ್ಕಿ ಮುರಿಯುತ್ತದೆ.

ಎಲ್ಲವನ್ನೂ ಮನೆಯಲ್ಲೇ ಮಾಡಬೇಕೆಂಬ ಹಟವೂ ತಪ್ಪು. ಕ್ರ್ಯಾಂಕ್ ಬಿಚ್ಚಿ ಹೊಸ ಕನೆಕ್ಟಿಂಗ್ ರಾಡ್ ಒತ್ತಿ ಕೂರಿಸಲು ಪ್ರೆಸ್ ಬೇಕು, ಓಟ ನೇರವಿದೆಯೇ ನೋಡಲು ಡಯಲ್ ಗೇಜ್ ಬೇಕು. ಅದು ಬೋರಿಂಗ್ ಅಂಗಡಿಯದೇ ಕೆಲಸ. ಕ್ರೋಮ್ ಪ್ಲೇಟಿಂಗಿನ ರಾಸಾಯನಿಕ ವಿಷ, ಅದು ಮಕ್ಕಳ ಹತ್ತಿರವೂ ಸುಳಿಯಬಾರದು. ಹಳೆಯ ಬ್ರೇಕ್ ಲೈನರ್‌ಗಳಲ್ಲಿ ಆಸ್‌ಬೆಸ್ಟಾಸ್ ಇರುವ ಸಾಧ್ಯತೆ ಹೆಚ್ಚು. ಡ್ರಮ್ ಬಿಚ್ಚಿ ಧೂಳನ್ನು ಗಾಳಿ ಹೊಡೆದು ಹಾರಿಸುವ ನಮ್ಮ ಗ್ಯಾರೇಜುಗಳ ಅಭ್ಯಾಸವನ್ನು ಮಗುವಿಗೆ ಕಲಿಸುವುದು ಅಪರಾಧವೇ ಸರಿ. ಒದ್ದೆ ಬಟ್ಟೆ, ಮಾಸ್ಕು, ಗ್ಲೌಸು, ಇವು ಸ್ಪ್ಯಾನರ್ ಸೆಟ್ಟಿಗಿಂತ ಮೊದಲು ಕೊಳ್ಳಬೇಕಾದವು.

ಇನ್ನು ಹೊಳಪಿನ ವಿಚಾರ. ಇದಕ್ಕೆ ಸಂಭಾಜಿನಗರ ಜಿಲ್ಲೆಯಲ್ಲೇ ದೊಡ್ಡ ಪಾಠವಿದೆ. ಅಲ್ಲಿನ ಅಜಂತಾ ಗುಹೆಗಳು ಒಂದು ಕಾಲಕ್ಕೆ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿದ್ದವು, ನಮ್ಮ ಬೀದರ್, ಕಲಬುರಗಿ, ರಾಯಚೂರುಗಳ ಹಾಗೆ. 1920ರ ದಶಕದ ಆರಂಭದಲ್ಲಿ ಗುಹೆಗಳ ಭಿತ್ತಿಚಿತ್ರಗಳನ್ನು ಉಳಿಸಲು ನಿಜಾಮ ಸರ್ಕಾರ ಇಟಲಿಯಿಂದ ಚೆಕ್ಕೋನಿ ಮತ್ತು ಓರ್ಸಿನಿ ಎಂಬ ತಜ್ಞರನ್ನು ಕರೆಸಿತು. ಉದುರುತ್ತಿದ್ದ ಗಾರೆಯನ್ನು ಅವರು ಹಿಡಿದು ನಿಲ್ಲಿಸಿದರು, ಅದು ಸಣ್ಣ ಉಪಕಾರವಲ್ಲ. ಆದರೆ ಚಿತ್ರಗಳಿಗೆ ಬಳಿದ ಅರಗಿನ ವಾರ್ನಿಷ್ ವರ್ಷಗಳು ಕಳೆದಂತೆ ಹಳದಿಗಟ್ಟಿ ಬಣ್ಣಗಳನ್ನೇ ಮಂಕಾಗಿಸಿತು. ಅದನ್ನು ತೆಗೆಯಲು ಪುರಾತತ್ವ ಇಲಾಖೆ ಮುಂದೆ ದಶಕಗಳ ಕಾಲ ದುಡಿಯಬೇಕಾಯಿತು.

ಮೋಟರ್‌ಸೈಕಲ್ಲಿಗೆ ಅಜಂತಾದ ಬೆಲೆ ಇಲ್ಲ, ನಿಜ. ಆದರೆ ತಪ್ಪಿನ ಸ್ವರೂಪ ಒಂದೇ. ಕಾರ್ಖಾನೆಯ ಬಣ್ಣವನ್ನು ಮರಳು ಹೊಡೆದು ಕಿತ್ತು, ಇಂದಿನ ಕಾರುಗಳ ದಪ್ಪ ಮಿರುಗುವ ಬಣ್ಣ ಬಳಿದರೆ ಗಾಡಿಯ ಮೇಲಿದ್ದ ದಾಖಲೆ ಮರಳಿ ಬರುವುದಿಲ್ಲ. ಗೆರೆ ಎಳೆದ ಪೇಂಟರನ ಕೈ, ಮೊಣಕಾಲು ತಾಗಿ ಸವೆದ ಜಾಗ, ಹಾಲಿನ ಕ್ಯಾನಿನ ಕೊಕ್ಕೆ ಉಜ್ಜಿದ ಗೀರು, ಎಲ್ಲ ಹೋಗುತ್ತವೆ. ನನ್ನ ನಿಲುವು ಸರಳ. ಓಡುವ ಭಾಗವನ್ನು ಹೊಸದಾಗಿಸಿ, ಕಾಣುವ ಭಾಗವನ್ನು ಉಳಿಸಿ. ಸೀಲು, ಬೇರಿಂಗ್, ವೈರಿಂಗ್, ಬ್ರೇಕ್, ಟೈರುಗಳಲ್ಲಿ ರಾಜಿ ಬೇಡ. ಶೇಕಡಾ 20 ಎಥನಾಲ್ ಬೆರೆತ ಇಂದಿನ ಪೆಟ್ರೋಲ್ ಹಳೆಯ ರಬ್ಬರನ್ನು ತಿನ್ನುತ್ತದೆ, ನೀರು ಹೀರಿ ಟ್ಯಾಂಕಿಗೆ ತುಕ್ಕು ತರುತ್ತದೆ. ಆದ್ದರಿಂದ ಕಾರ್ಬೋರೇಟರ್ ಪ್ಯಾಕಿಂಗು, ಪೆಟ್ರೋಲ್ ಪೈಪುಗಳನ್ನು ಬದಲಿಸಲೇಬೇಕು. ತುಕ್ಕು ಹಿಡಿಯದ ಹಳೆಯ ಬಣ್ಣವನ್ನು ಮಾತ್ರ ತೊಳೆದು, ಮೇಣ ಹಚ್ಚಿ ಬಿಟ್ಟರೆ ಸಾಕು.

ಕೇಂದ್ರ ಸರ್ಕಾರ 2021ರಲ್ಲಿ ತಂದ ವಿಂಟೇಜ್ ವಾಹನ ನಿಯಮದ ಒಲವೂ ಈ ಕಡೆಗೇ ಇದೆ. ಮೊದಲ ನೋಂದಣಿಯಿಂದ 50 ವರ್ಷ ದಾಟಿರಬೇಕು, ಮೂಲ ರೂಪದಲ್ಲಿರಬೇಕು, ಚಾಸಿ, ಇಂಜಿನ್‌ಗಳನ್ನು ಮಾರ್ಪಡಿಸಿರಬಾರದು. ಹೊಸ ನೋಂದಣಿಗೆ ರೂ. 20,000, ಅವಧಿ 10 ವರ್ಷ, ನಂಬರ್ ಫಲಕದಲ್ಲಿ ‘ವಿಎ’ ಅಕ್ಷರ. ಪ್ರದರ್ಶನ, ರ್‍ಯಾಲಿ, ರಿಪೇರಿ, ಪೆಟ್ರೋಲ್ ತುಂಬಿಸುವುದು ಇಂಥ ಕಾರಣಗಳಿಗೆ ಬಿಟ್ಟರೆ ರಸ್ತೆಗೆ ತರುವಂತಿಲ್ಲ. ಮೂಲ ರೂಪಕ್ಕೆ ಬೆಲೆ ಕೊಟ್ಟಿದ್ದು ಸರಿ. ಆದರೆ ದಿನವೂ ಓಡಿದ್ದಕ್ಕೇ ಹೆಸರಾದ ಯಂತ್ರವನ್ನು ನಿಲ್ಲಿಸಿ ನೋಡುವ ವಸ್ತುವಾಗಿಸುವ ಕಟ್ಟಳೆ ನನಗೆ ಹಿಡಿಸಲಿಲ್ಲ. ಮಗಳು ಕಾಗದ ಎಳೆದು ಕೂರಿಸಿದ ಟೈಮಿಂಗ್ ಸರಿಯಿದೆಯೇ ಎಂದು ತಿಳಿಯುವುದು ಏರುರಸ್ತೆಯಲ್ಲಿ, ಶಾಮಿಯಾನದ ಕೆಳಗಲ್ಲ.

ಈ ವಿಷಯ ಬಂದಾಗಲೆಲ್ಲ ರಾಬರ್ಟ್ ಪಿರ್ಸಿಗ್ 1974ರಲ್ಲಿ ಪ್ರಕಟಿಸಿದ ‘ಝೆನ್ ಅಂಡ್ ದಿ ಆರ್ಟ್ ಆಫ್ ಮೋಟರ್‌ಸೈಕಲ್ ಮೇಂಟೆನೆನ್ಸ್’ ಪುಸ್ತಕವನ್ನು ಹೆಸರಿಸುತ್ತಾರೆ. ಮಗ ಕ್ರಿಸ್‌ನನ್ನು ಹಿಂದೆ ಕೂರಿಸಿಕೊಂಡು ಅಪ್ಪ ಅಮೆರಿಕದ ಉದ್ದಕ್ಕೆ ಸಾಗುವ ಕಥೆ. ಯಂತ್ರವನ್ನು ಗಮನವಿಟ್ಟು ನೋಡಿಕೊಳ್ಳುವುದರ ಬಗ್ಗೆ ಅದಕ್ಕಿಂತ ಆಳವಾಗಿ ಬರೆದವರು ವಿರಳ. ಆದರೂ ಆ ಪುಸ್ತಕದ ರಿಪೇರಿ ಬಹುಮಟ್ಟಿಗೆ ಅಪ್ಪನದೇ. ಚೈನು ಬಿಗಿಯುವಾಗಲೂ, ಪ್ಲಗ್ ನೋಡುವಾಗಲೂ ಅವನು ತನ್ನ ಯೋಚನೆಯೊಳಗೆ ಒಬ್ಬನೇ. ಹಿಂದಿನ ಸೀಟಿನ ಹುಡುಗನಿಗೆ ದಾರಿಯ ಬಹುಪಾಲು ಅಪ್ಪನ ಬೆನ್ನು ಬಿಟ್ಟು ಬೇರೇನೂ ಕಾಣುವುದಿಲ್ಲ. ಅವರಿಬ್ಬರ ನಡುವಿನ ಬಿಗುವಿಗೆ ಕಾರಣಗಳು ಬೇರೆ ಇವೆ, ಆದರೆ ಅಷ್ಟು ಬಲ್ಲ ಅಪ್ಪನಿಗೂ ಸ್ಪ್ಯಾನರನ್ನು ಮಗನ ಕೈಗೆ ಕೊಡಲು ತೋಚಲಿಲ್ಲ ಎಂಬುದು ಆ ದೊಡ್ಡ ಪುಸ್ತಕದಲ್ಲಿ ನನ್ನನ್ನು ಬಹಳ ಕಾಡುವ ಕೊರತೆ.

ಮತ್ತೆ ಅಜ್ಜನ ಗಾಡಿಗೆ ಬರೋಣ. 1986ರ ಎಂ80ಗೆ 50 ತುಂಬುವುದು 2036ರಲ್ಲಿ. ಅಲ್ಲಿಯವರೆಗೆ ಅದಕ್ಕೆ ವಿಂಟೇಜ್ ಎಂಬ ಮರ್ಯಾದೆಯಿಲ್ಲ, ಐದೈದು ವರ್ಷಕ್ಕೊಮ್ಮೆ ಆರ್‌ಟಿಒ ಮುಂದೆ ನಿಂತು ಆರ್‌ಸಿ ನವೀಕರಿಸಿಕೊಳ್ಳಬೇಕಾದ ಹಳೆಯ ಗಾಡಿ ಅಷ್ಟೆ. ಬೆಲೆ ಕಡಿಮೆ, ಇಂಜಿನ್ ಚಿಕ್ಕದು, ಹಾಳಾದರೂ ಯಾರೂ ಬಯ್ಯುವುದಿಲ್ಲ. ಹನ್ನೆರಡರ ಮಗು ಮೊದಲ ಸಲ ಹೆಡ್ ಬಿಚ್ಚುವುದಕ್ಕೆ ಇದಕ್ಕಿಂತ ತಕ್ಕ ಗಾಡಿ ನನಗೆ ಕಾಣುವುದಿಲ್ಲ. ಅಜ್ಜನ ಕೊಟ್ಟಿಗೆಯಲ್ಲಿ ಅದು ಇನ್ನೂ ಇದ್ದರೆ ಮಗುವಿನ ಕೈಗೆ ಒಂದು ನೋಟ್‌ಬುಕ್ ಕೊಟ್ಟು, ಧೂಳು ಒರೆಸಿ ಚಾಸಿ ನಂಬರ್ ಬರೆದುಕೊಳ್ಳಲು ಹೇಳಿ. ಒಂದೊಂದು ನಟ್ಟೂ ಎಲ್ಲಿಂದ ಬಂತೆಂದು ಅದೇ ಪುಸ್ತಕದಲ್ಲಿ ಚಿತ್ರ ಬರೆಯಲಿ, ಆಮೇಲೆ ಬಿಚ್ಚಲಿ.