ಅಂಟು ಹಾಳೆಯೂ ಅಹಿಂಸೆಯ ಹೆಸರೂ

ವಿಷ ಸಿಂಪಡಿಸದೆ ಬಣ್ಣದ ಅಂಟು ಹಾಳೆ ಹಾಗೂ ಮೋಹಕ ಬಲೆಗಳನ್ನು ಕಟ್ಟುವ ಬೇಸಾಯವನ್ನು ‘ಅಹಿಂಸಾ ಕೃಷಿ’ ಎಂದು ಹೊಗಳುವುದುಂಟು. ಹಿಪ್ಪುನೇರಳೆ ತೋಟ, ಮುಸುಕಿನ ಜೋಳದ ಹೊಲಗಳಿರುವ ಕೊಳ್ಳೇಗಾಲ, ಹನೂರು, ಯಳಂದೂರು ಸೀಮೆಯಲ್ಲಿ ಈ ಹೊಗಳಿಕೆಯನ್ನು ಪರೀಕ್ಷಿಸದೆ ಒಪ್ಪುವಂತಿಲ್ಲ.

ಹಳದಿ ಹಾಳೆಗೆ ಬಿಳಿನೊಣ, ಸಸ್ಯಹೇನು, ಜಿಗಿಹುಳುಗಳು ಎರಗುತ್ತವೆ. ನೀಲಿಗೆ ಥ್ರಿಪ್ಸ್ ಕೀಟಗಳು. ಮೋಹಕ ಬಲೆಯಲ್ಲಿರುವುದು ಹೆಣ್ಣು ಪತಂಗದ ಗಂಧವನ್ನು ಹೋಲುವ ದ್ರವ್ಯ. ಅದಕ್ಕೆ ಸೋತು ಬರುವುದು ಆ ಒಂದು ಜಾತಿಯ ಗಂಡು ಮಾತ್ರ. ರೂಪಕ್ಕೆ ಪತಂಗವೂ ಗಂಧಕ್ಕೆ ದುಂಬಿಯೂ ಕೆಡುವುದನ್ನು ಇಂದ್ರಿಯನಿಗ್ರಹದ ದೃಷ್ಟಾಂತವಾಗಿ ಪ್ರವಚನಗಳಲ್ಲಿ ಕೇಳಿದವರೇ ಆ ಎರಡು ಇಂದ್ರಿಯಗಳನ್ನು ಹಿಡಿದು ಬಲೆ ಹೆಣೆದಿದ್ದಾರೆ! ಸಾಯುವುದು ಚತುರಿಂದ್ರಿಯ ಜೀವವೇ; ಅಂಟಿನ ಮೇಲಿನ ಸಾವು ಶೀಘ್ರವೂ ಅಲ್ಲ.

ಹಾಗೆಂದು ಬಲೆಯನ್ನು ತಿರಸ್ಕರಿಸುವುದು ವಿವೇಕವಲ್ಲ. ಬಲೆ ಮೂಲತಃ ಆಯುಧವಲ್ಲ, ಅಳತೆಗೋಲು. ಎಕರೆಗೆ ನಾಲ್ಕೈದು ಬಲೆ ಕಟ್ಟಿ, ವಾರಕ್ಕೆ ಒಂದೆರಡು ಬಾರಿ ಬಿದ್ದ ಕೀಟಗಳನ್ನು ಎಣಿಸಿ, ಗಿಡಗಳನ್ನೂ ನೋಡಿ, ಹಾವಳಿ ಮಿತಿ ಮೀರದಿದ್ದರೆ ಸಿಂಪಡಣೆಯನ್ನು ಕೈಬಿಡುವುದು ಅದರ ಪ್ರಯೋಜನ. 2018ರಲ್ಲಿ ಕರ್ನಾಟಕದಲ್ಲಿ ಕಾಣಿಸಿಕೊಂಡ ಫಾಲ್ ಸೈನಿಕ ಹುಳುವಿನ ಪತಂಗ ಜೋಳದ ಹೊಲಕ್ಕೆ ಬಂದಿತೇ ಎಂಬುದನ್ನು ಬಲೆ ಬೇಗನೆ ತಿಳಿಸುತ್ತದೆ. ಸುಳಿಯೊಳಗೆ ಮೇಯುತ್ತಿರುವ ಮರಿಯನ್ನು ಅದು ಮುಟ್ಟುವುದೂ ಇಲ್ಲ. ಹಿಪ್ಪುನೇರಳೆಯಲ್ಲಂತೂ ಎಲೆಗೆ ತಾಗಿದ ವಿಷ ರೇಷ್ಮೆಹುಳುವನ್ನೇ ಕೊಲ್ಲುವುದರಿಂದ, ಉಳಿದ ಒಂದು ಸಿಂಪಡಣೆಯೂ ದೊಡ್ಡದು. (ಆ ಹುಳುವಿಗೆ ಕೊನೆಗೆ ಕುದಿನೀರೇ ಗತಿ. ರೇಷ್ಮೆಯುಟ್ಟು ಪೂಜೆಗೆ ನಿಲ್ಲುವವರು ಯೋಚಿಸಬೇಕಾದ ಬೇರೆಯೇ ವಿಷಯವದು.)

ಶ್ರಾವಕನು ತೊರೆಯಬೇಕಾದದ್ದು ಸಂಕಲ್ಪೀ ಹಿಂಸೆ; ಬೇಸಾಯದಲ್ಲಿ ಅನಿವಾರ್ಯವಾಗುವುದು ಉದ್ಯೋಗೀ ಹಿಂಸೆ; ಅದನ್ನೂ ಯತ್ನಾಚಾರದಿಂದ ತಗ್ಗಿಸಬೇಕು. ಎಣಿಸುವ ಬಲೆ ಈ ಎರಡನೆಯದರಲ್ಲಿ ನಿಲ್ಲುತ್ತದೆ. ಹೊಲದ ತುಂಬ ಹಾಳೆಗಳನ್ನು ತೂಗುಹಾಕಿ, ತಿರುಗಿಯೂ ನೋಡದೆ, ತಿಂಗಳುಗಟ್ಟಲೆ ಬಿಟ್ಟರೆ ಯತ್ನಾಚಾರ ಎಲ್ಲಿ ಉಳಿಯಿತು? ಗುಲಗಂಜಿ ಹುಳು, ಪರತಂತ್ರ ಕಣಜ, ಕೆಲವೊಮ್ಮೆ ಜೇನ್ನೊಣವೂ ಅದೇ ಅಂಟಿಗೆ ಸಿಲುಕುತ್ತವೆ. ಬೆಳೆಗೆ ಕೇಡು ಬಗೆಯದ ಜೀವಗಳವು; ಮೊದಲೆರಡಂತೂ ಕೇಡಿಗಳನ್ನು ತಾವೇ ಹತೋಟಿಯಲ್ಲಿಡುತ್ತವೆ.

ಜಮೀನನ್ನು ಗುತ್ತಿಗೆಗೆ ಕೊಡುವ ಬಸದಿಯ ಟ್ರಸ್ಟುಗಳು ‘ವಿಷರಹಿತ’ ಎಂಬ ಒಂದು ಪದದಿಂದ ತೃಪ್ತರಾಗದೆ, ಎಣಿಕೆಯ ಪುಸ್ತಕ ತೋರಿಸಿರೆಂದು ಗೇಣಿದಾರನನ್ನು ಕೇಳಬಹುದು. ಮಿತ್ರಕೀಟಗಳು ಹೆಚ್ಚಾಗಿ ಸಿಲುಕುತ್ತಿದ್ದರೆ ಹಾಳೆಯನ್ನು ಇಳಿಸಬೇಕು; ಕಟಾವಾದ ಮೇಲಂತೂ ಒಂದು ದಿನವೂ ಬಿಡಬಾರದು.